ಶಾಸ್ತ್ರದಲ್ಲಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ವೇದ-ಶಾಸ್ತ್ರಗಳ ಮಾತನ್ನು ನಾವು ಎಷ್ಟರಮಟ್ಟಿಗೆ ಒಪ್ಪಬೇಕು ಅಂತ ಹೇಳಲು ಕರೆದಿದ್ದೀರಿ. ನಾನು ನಮ್ಮ ಹೊಲದಿಂದಲೇ ಶುರು ಮಾಡುತ್ತೇನೆ.

ಇಲ್ಲೇ ಗದಗ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಎರಿ ಹೊಲ. ಅಜ್ಜ ತೀರಿಕೊಂಡ ಮೇಲೆ ವಾಟ್ನಿ, ಅಂದರೆ ಆಸ್ತಿ ಪಾಲು ಮಾಡುವ ಮಾತು ಬಂತು. ಊರ ಹಿರಿಯರೊಬ್ಬರು ದೊಡ್ಡಪ್ಪನ ಕಡೆ ಕೈ ತೋರಿಸಿ, "ಹಿರೇ ಮಗಗ ಜಾಸ್ತಿ ಬರಬೇಕು, ಅದು ಶಾಸ್ತ್ರದಾಗ ಐತಿ" ಅಂದರು. ಕಾಕಾ ತಲೆ ತಗ್ಗಿಸಿ ಕೂತರು. ಅಲ್ಲಿ ಎಲ್ಲರ ಬಾಯಿ ಕಟ್ಟಿತು. ಯಾವ ಶಾಸ್ತ್ರ ಅಂತ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಶ್ರುತಿ ಬೇರೆ, ಸ್ಮೃತಿ ಬೇರೆ. ಶ್ರುತಿ ಅಂದರೆ ವೇದ. ಸ್ಮೃತಿ ಅಂದರೆ ಮನು, ಯಾಜ್ಞವಲ್ಕ್ಯರ ಹೆಸರಿನಲ್ಲಿರುವ ಧರ್ಮಶಾಸ್ತ್ರಗಳು. ಎರಡರ ಮಾತು ಹೊಂದದಿದ್ದರೆ ಶ್ರುತಿಯೇ ನಿಲ್ಲುತ್ತದೆ.

ಆ ಶ್ರುತಿಯನ್ನು ಉಳಿಸಿಕೊಂಡ ಬಗೆ ನೋಡಿ. ಋಗ್ವೇದದಲ್ಲಿ 10 ಮಂಡಲ, 1028 ಸೂಕ್ತ. ಎಲ್ಲವೂ ಬಾಯಿಂದ ಕಿವಿಗೆ ಬಂದದ್ದು. ಅದರ ಮೊದಲ ಮೂರು ಪದಗಳನ್ನು ಘನಪಾಠದಲ್ಲಿ, ಅಂದರೆ ಪದಗಳನ್ನು ಹಿಂದೆ ಮುಂದೆ ತಿರುಗಿಸಿ ಹೇಳುವ ಕ್ರಮದಲ್ಲಿ, ಹೇಗೆ ಹೆಣೆಯುತ್ತಾರೆ ಕೇಳಿ. ಸ್ವರ, ಸಂಧಿ ಬಿಟ್ಟು ಬರೀ ಪದ ಹೇಳುತ್ತೇನೆ: ಅಗ್ನಿಂ ಈಳೇ, ಈಳೇ ಅಗ್ನಿಂ, ಅಗ್ನಿಂ ಈಳೇ ಪುರೋಹಿತಂ, ಪುರೋಹಿತಂ ಈಳೇ ಅಗ್ನಿಂ, ಅಗ್ನಿಂ ಈಳೇ ಪುರೋಹಿತಂ. ಒಂದು ಪದ ಜಾರಿದರೂ ಹೆಣಿಗೆ ತಪ್ಪುತ್ತದೆ. 'ಈಳೇ'ಯಲ್ಲಿ ನಮ್ಮ ಳಕಾರ ಕೇಳಿಸಿತಾ? ಆಮೇಲಿನ ಕಾವ್ಯಗಳ ಸಂಸ್ಕೃತದಲ್ಲಿ ಅದಿಲ್ಲ. ವೇದ ಹೇಳುವವರ ಬಾಯಲ್ಲಿ ಹಾಗೇ ಉಳಿದಿದೆ. ಆ ನಿಷ್ಠೆಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಇನ್ನು ಹಿರಿಯರ ಮಾತಿಗೆ ಬರೋಣ. ಅವರು ಸುಳ್ಳು ಹೇಳಿರಲಿಲ್ಲ. ಹಿರಿಯ ಮಗನಿಗೆ ಇಪ್ಪತ್ತರಲ್ಲೊಂದು ಭಾಗ ಹೆಚ್ಚು ಅಂತ ಮನುಸ್ಮೃತಿಯಲ್ಲಿ ಇದೆ.

ಆದರೆ ನಮ್ಮ ಕನ್ನಡ ನೆಲದಲ್ಲೇ ಇದಕ್ಕೆ ಉತ್ತರ ಕೊಟ್ಟವರೊಬ್ಬರಿದ್ದಾರೆ. ಅವರು ವಿಜ್ಞಾನೇಶ್ವರ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲ, 1076ರಿಂದ 1126. ಆಗ ಈ ಗದಗ, ಲಕ್ಕುಂಡಿ ಎಲ್ಲ ಕಲ್ಯಾಣದ ಆಳ್ವಿಕೆಯಲ್ಲೇ ಇದ್ದವು. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಹೆಚ್ಚು-ಕಡಿಮೆ ಪಾಲು ಶಾಸ್ತ್ರದಲ್ಲಿದೆ ಅಂತ ಅವರು ಒಪ್ಪುತ್ತಾರೆ. ಒಪ್ಪಿ, ಅದನ್ನು ಮಾಡಬಾರದು ಅನ್ನುತ್ತಾರೆ! ಯಾಕೆ? ಜನರಿಗೆ ಅದು ಸಹಿಸುವುದಿಲ್ಲ. ಧರ್ಮದಲ್ಲಿದ್ದರೂ ಲೋಕ ದ್ವೇಷಿಸುವುದನ್ನು ಆಚರಿಸಬೇಡ ಅಂತ ಯಾಜ್ಞವಲ್ಕ್ಯ ಸ್ಮೃತಿಯೇ ಹೇಳಿದೆ. ಅತಿಥಿಗೆ ಎತ್ತನ್ನೋ ಹೋತವನ್ನೋ ಒಪ್ಪಿಸು ಅಂತಲೂ ಅದರಲ್ಲೇ ಇದೆ, ಈಗ ಯಾರು ಮಾಡುತ್ತಾರೆ? ಇದೂ ಹಾಗೇ ಅಂತ ಅವರ ವಾದ. ಒಂಬೈನೂರು ವರ್ಷದ ಹಿಂದೆ! ಬಂಗಾಳದ ಕಡೆ ಬಿಟ್ಟರೆ ದೇಶದ ಹೆಚ್ಚಿನ ಕೋರ್ಟುಗಳು ಹಿಂದೂ ಆಸ್ತಿ ವಿಷಯದಲ್ಲಿ ಈ ಪುಸ್ತಕವನ್ನೇ ಹಿಡಿದು ನಡೆದವು.

ಇದು ಶಾಸ್ತ್ರಕ್ಕೆ ಮಾಡಿದ ಅವಮಾನ ಅಂತ ನನಗೆ ಅನ್ನಿಸುವುದಿಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ಗುರು ಏನು ಹೇಳುತ್ತಾನೆ? ನಮ್ಮಲ್ಲಿ ಯಾವುದು ಒಳ್ಳೆಯ ನಡತೆಯೋ ಅದನ್ನು ಪಾಲಿಸು, ಉಳಿದದ್ದನ್ನು ಬಿಡು. ಉಪನಿಷತ್ತು ವೇದದ್ದೇ ಭಾಗ, ಹಾಗಾಗಿ ಇದನ್ನು ಹೇಳುತ್ತಿರುವುದು ಶ್ರುತಿಯೇ, ಅಲ್ವಾ?

ಮುಂದೆ 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಹುಟ್ಟಿನಿಂದಲೇ ಮಗಳಿಗೂ ಸಮಪಾಲು ಅಂತ 2005ರ ತಿದ್ದುಪಡಿ ದೇಶಕ್ಕೆಲ್ಲ ಹೇಳಿತು.

ನಮ್ಮ ಮನೆಯ ವಾಟ್ನಿ ಕೊನೆಗೆ ಅಣ್ಣತಮ್ಮಂದಿರಲ್ಲಿ ಸಮನಾಗಿಯೇ ಆಯಿತು. ಅವತ್ತು ಅತ್ತೆಯೂ ಅಲ್ಲೇ ಇದ್ದರು. ಬಾಗಿಲ ಹತ್ತಿರ ಮೊರದಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದರು. ಅವರ ಪಾಲು ಎಲ್ಲಿ ಅಂತ ನಾನೂ ಕೇಳಲಿಲ್ಲ.