ತೋಟದಲ್ಲಿ ಒಂದು ಗಾಂಜಾ ಗಿಡ ಸಿಕ್ಕರೆ 10 ವರ್ಷ ಜೈಲಾ? ಈ ಕಾಯ್ದೆ ಯಾಕೆ ಬದಲಾಗಬೇಕು

[ದೃಶ್ಯ: ಸಕಲೇಶಪುರ ಕಡೆಯ ಕಾಫಿ ತೋಟ, ಪಕ್ಕದಲ್ಲಿ ಶುಂಠಿ ಹಾಕಿದ ಗದ್ದೆ]

ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಪೇಪರ್ ಓದುವವರಿಗೆ ಈ ಸುದ್ದಿ ಹೊಸದಲ್ಲ. ಜೋಳದ ಹೊಲದ ನಡುವೆಯೋ, ತೋಟದ ಮೂಲೆಯಲ್ಲೋ ಗಾಂಜಾ ಗಿಡ ಸಿಕ್ಕಿತು. ಪೊಲೀಸರು ಕಿತ್ತರು, ತೂಕ ಹಾಕಿದರು, ಒಬ್ಬನನ್ನು ಬಂಧಿಸಿದರು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಆ ಮನುಷ್ಯನಿಗೆ ಏನಾಯಿತು ಅಂತ ಯಾರೂ ಬರೆಯುವುದಿಲ್ಲ. ಇವತ್ತು ಅದನ್ನೇ ನೋಡೋಣ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಂಜಾದಿಂದ ತೊಂದರೆ ಇದೆ. ಹದಿಹರೆಯದಲ್ಲಿ ಶುರು ಮಾಡಿ ದಿನಾ ಸೇದುವವರಿಗೆ ಸೈಕೋಸಿಸ್ ಬರುವ ಅಪಾಯ ಜಾಸ್ತಿ. ಇಲ್ಲದ ದನಿ ಕೇಳಿಸುವುದು, ಮನೆಯವರ ಮೇಲೇ ಅನುಮಾನ ಬರುವುದು, ಇಂಥದ್ದೆಲ್ಲ. ಮಕ್ಕಳಿಗೆ ಮಾರುವವನಿಗೆ ಶಿಕ್ಷೆ ಆಗಲೇಬೇಕು. ಸೇದಿಕೊಂಡು ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸುವವನನ್ನು ಹಿಡಿಯಲೇಬೇಕು. ಆದರೆ ತನಗಾಗಿ ಒಂದು ಚಿಟಿಕೆ ಇಟ್ಟುಕೊಂಡ ಹುಡುಗನನ್ನು ಜೈಲಿಗೆ ಕಳಿಸುವ ಕಾಯ್ದೆ ಬದಲಾಗಬೇಕು.

[ಪರದೆ ಮೇಲೆ: ಎನ್‌ಡಿಪಿಎಸ್ ಕಾಯ್ದೆ, 1985]

ಎನ್‌ಡಿಪಿಎಸ್ ಅಂದರೆ ಮಾದಕ ವಸ್ತುಗಳನ್ನು ತಡೆಯುವ ಕಾಯ್ದೆ. ಇದು 1985ರ ನವೆಂಬರ್ 14ರಂದು ಜಾರಿಗೆ ಬಂತು. ಗಾಂಜಾ 1 ಕೆಜಿವರೆಗೆ ಇದ್ದರೆ 'ಸಣ್ಣ ಪ್ರಮಾಣ'. ಅದಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕೆಜಿ ದಾಟಿದರೆ 'ವಾಣಿಜ್ಯ ಪ್ರಮಾಣ'. ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ.

ಬೆಳೆಯುವುದಕ್ಕೆ ಮಾತ್ರ ಈ ಲೆಕ್ಕವೇ ಇಲ್ಲ. ಹಿತ್ತಲಲ್ಲಿ ಒಂದು ಗಿಡ ಇದ್ದರೂ, ಒಂದು ಎಕರೆ ಪೂರ್ತಿ ಇದ್ದರೂ ಕಲಮು ಒಂದೇ. 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ತೋಟದ ಮಾಲೀಕರೂ ಇದನ್ನು ಕೇಳಿಸಿಕೊಳ್ಳಿ. ನಿಮ್ಮ ಜಮೀನಿನಲ್ಲಿ ಗಾಂಜಾ ಗಿಡ ಇರುವುದು ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದರೆ 46ನೇ ಕಲಮಿನಲ್ಲಿ ಅದೂ ಅಪರಾಧ.

[ದೃಶ್ಯ: ಗಿಡದ ಚಿತ್ರ. ಹೂವಿನ ತುದಿ ಮಾತ್ರ ಕೆಂಪು ಬಣ್ಣದಲ್ಲಿ]

ಈಗ ತೂಕದ ವಿಷಯ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಎಷ್ಟೋ ಜನರ ಹಣೆಬರಹ ತಕ್ಕಡಿಯಲ್ಲೇ ನಿರ್ಧಾರವಾಗುತ್ತದೆ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವಿನ ಅಥವಾ ಕಾಯಿ ಬಿಟ್ಟ ತುದಿ. ಆ ತುದಿ ಜೊತೆಗಿಲ್ಲದಿದ್ದರೆ ಬರೀ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಅದಕ್ಕೇ ಬರೀ ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯ ಹೊರಗೆ ಉಳಿದಿದೆ. ಆದರೆ ದಾಳಿ ನಡೆದಾಗ ಆಗುವುದೇನು? ಹಸಿ ಗಿಡವನ್ನು ಬುಡಸಮೇತ ಕಿತ್ತು, ಕಾಂಡ, ಎಲೆ, ಕೆಲವೊಮ್ಮೆ ಬೇರನ್ನೂ ಸೇರಿಸಿ ತೂಗುವುದುಂಟು. ಮಲೆನಾಡಿನ ಮಳೆಯಲ್ಲಿ ಬೆಳೆದ ಗಿಡ, ತೂಕದಲ್ಲಿ ನೀರೇ ಮುಕ್ಕಾಲು. 20 ಕೆಜಿ ದಾಟಿತು ಅಂತ ಪಂಚನಾಮೆಯಲ್ಲಿ ಬರೆದರೆ ವಾಣಿಜ್ಯ ಪ್ರಮಾಣದ ಕಲಮೂ ಸೇರಿಕೊಳ್ಳಬಹುದು. ಆಗ 37ನೇ ಕಲಮು ಅಡ್ಡ ಬರುತ್ತದೆ. ಆರೋಪಿ ತಪ್ಪು ಮಾಡಿಲ್ಲ ಅಂತ ನಂಬಲು ಕಾರಣ ಇದೆ, ಹೊರಗೆ ಬಂದರೂ ತಪ್ಪು ಮಾಡುವುದಿಲ್ಲ ಅಂತ ನ್ಯಾಯಾಧೀಶರಿಗೆ ಅನ್ನಿಸಿದರೆ ಮಾತ್ರ ಜಾಮೀನು. ವಿಚಾರಣೆಗೂ ಮೊದಲೇ ಇದನ್ನು ತೋರಿಸಬೇಕು!

ಹಲವು ಹೈಕೋರ್ಟ್‌ಗಳು ಈ ತೂಕದ ರೀತಿಯನ್ನು ಪ್ರಶ್ನಿಸಿ ಜಾಮೀನು ಕೊಟ್ಟಿವೆ. ಸರಿ, ಆದರೆ ಬೆಂಗಳೂರಿನ ಹೈಕೋರ್ಟ್‌ವರೆಗೆ ಹೋಗಿ ಒಳ್ಳೆಯ ವಕೀಲರನ್ನು ಇಡಲು ದುಡ್ಡು ಬೇಕಲ್ವಾ? ಲೈನ್ ಮನೆಯಲ್ಲಿರುವ ಕೂಲಿಯವನು ಅದನ್ನು ಎಲ್ಲಿಂದ ತರಬೇಕು? ನನಗೆ ಈ ಕಾಯ್ದೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಇದೇ.

[ದೃಶ್ಯ: ಹಾಸನ ಬಸ್ ನಿಲ್ದಾಣ, ಕಾಲೇಜು ಹುಡುಗರು]

ಇನ್ನು ಸೇವನೆ ಕೇಸು. ಗಾಂಜಾ ಸೇದಿದ್ದಕ್ಕೆ 27ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು ಇದೆ. ಸಾಕ್ಷಿ ಸಾಮಾನ್ಯವಾಗಿ ಮೂತ್ರ ಪರೀಕ್ಷೆ. ಗಾಂಜಾದ ಅಂಶ ಮೂತ್ರದಲ್ಲಿ ಕೆಲವು ದಿನ ಉಳಿಯುತ್ತದೆ, ದಿನಾ ಸೇದುವವರಲ್ಲಿ ವಾರಗಟ್ಟಲೆ. ಆ ಹೊತ್ತಿಗೆ ಅವನು ಅಮಲಿನಲ್ಲಿ ಇದ್ದನೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಆದರೂ ಕೇಸು ಕೇಸೇ. ನಾಳೆ ಕೆಲಸಕ್ಕೆ, ಪಾಸ್‌ಪೋರ್ಟ್‌ಗೆ ಪೊಲೀಸ್ ವೆರಿಫಿಕೇಶನ್ ಬಂದಾಗ ಅದು ಎದುರು ಬಂದು ನಿಲ್ಲುತ್ತದೆ.

ಕಾಯ್ದೆಯಲ್ಲಿ ಒಂದು ಒಳ್ಳೆಯ ಬಾಗಿಲೂ ಇದೆ, 64ಎ ಕಲಮು. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ವಿನಾಯಿತಿ ಹೋಗುತ್ತದೆ. ಆದರೆ ಗಮನಿಸಿ, ಇದು 'ವ್ಯಸನಿ'ಗೆ ಮಾತ್ರ. ಗೆಳೆಯರ ಜೊತೆ ಒಂದು ಸಲ ಸೇದಿ ಸಿಕ್ಕಿಬಿದ್ದವನಿಗೆ ಈ ಬಾಗಿಲು ತೆರೆಯುವುದಿಲ್ಲ. ಜಾಸ್ತಿ ಸೇದುವವನಿಗೆ ದಾರಿ ಇದೆ, ಕಡಿಮೆ ಸೇದಿದವನಿಗೆ ಇಲ್ಲ.

ಬೇರೆ ದಾರಿ ಇದೆಯಾ? ಇದೆ. ಪೋರ್ಚುಗಲ್ 2001ರಿಂದ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಕ್ರಿಮಿನಲ್ ಕೇಸಿನಿಂದ ಹೊರಗಿಟ್ಟಿದೆ. ಸಿಕ್ಕವರು ಒಂದು ಚಿಕ್ಕ ಸಮಿತಿಯ ಮುಂದೆ ಹೋಗುತ್ತಾರೆ. ಚಿಕಿತ್ಸೆ ಬೇಕಾ, ಎಚ್ಚರಿಕೆ ಸಾಕಾ, ದಂಡವಾ ಅಂತ ಸಮಿತಿ ನೋಡುತ್ತದೆ. ಮಾರಾಟ ಅಲ್ಲಿ ಈಗಲೂ ಅಪರಾಧವೇ. ನಮಗೆ ಬೇಕಾಗಿರುವುದೂ ಇಂಥದ್ದೇ. ಕೆನಡಾ ರೀತಿ ಅಂಗಡಿಯಲ್ಲಿ ಮಾರುವುದನ್ನು ನಾನು ಕೇಳುತ್ತಿಲ್ಲ.

ನಮ್ಮಲ್ಲೂ ಇದು ಹೊಸ ಮಾತಲ್ಲ. ಬ್ರಿಟಿಷರ ಕಾಲದಲ್ಲಿ ಇದಕ್ಕೆಂದೇ ಒಂದು ಆಯೋಗ ಕೂತು, 1894ರಲ್ಲಿ ವರದಿ ಕೊಟ್ಟಿತು. ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹದ್ದುಬಸ್ತಿನಲ್ಲಿಡಿ ಅಂದಿತ್ತು. 2020ರಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು.

[ಪರದೆ ಮೇಲೆ: 14446]

2019ರ ಏಮ್ಸ್ ಸಮೀಕ್ಷೆ ಪ್ರಕಾರ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಬಳಸುವವರು ಸುಮಾರು 3.1 ಕೋಟಿ. ಇವರಲ್ಲಿ ಸಹಾಯ ಬೇಕಾದವರು ಜೈಲಿನ ಭಯಕ್ಕೆ ಡಾಕ್ಟರ ಹತ್ತಿರ ಹೋಗಲು ಹಿಂಜರಿಯುತ್ತಾರೆ. ನಿಮ್ಮ ಮನೆಯಲ್ಲೇ ಅಂಥವರಿದ್ದರೆ 14446ಕ್ಕೆ ಫೋನ್ ಮಾಡಿ, ಇದು ವ್ಯಸನಮುಕ್ತಿಯ ಉಚಿತ ಸಹಾಯವಾಣಿ. ಹಾಸನದವರು ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋರೋಗ ವಿಭಾಗಕ್ಕೂ ಹೋಗಬಹುದು.

ಇದು ಕೇಂದ್ರದ ಕಾಯ್ದೆ. ಬದಲಾಗಬೇಕಾದ್ದು ಸಂಸತ್ತಿನಲ್ಲಿ. ಹಾಸನದವರು, ಕಡೂರಿನವರು ಹಾಸನದ ಸಂಸದರನ್ನು ಕೇಳಿ. ಮೂಡಿಗೆರೆ, ಶೃಂಗೇರಿ, ತರೀಕೆರೆ, ಚಿಕ್ಕಮಗಳೂರಿನವರು ಉಡುಪಿ ಚಿಕ್ಕಮಗಳೂರು ಸಂಸದರನ್ನು ಕೇಳಿ. ಒಂದು ಗಿಡಕ್ಕೂ ಒಂದು ಎಕರೆಗೂ ಒಂದೇ ಕಲಮು ಯಾಕೆ, 64ಎ ಮೊದಲ ಸಲ ಸಿಕ್ಕವರಿಗೂ ಯಾಕೆ ಇಲ್ಲ ಅಂತ ಕೇಳಿ. ಅವರು ಕೊಟ್ಟ ಉತ್ತರವನ್ನು ಕಾಮೆಂಟ್‌ನಲ್ಲಿ ಬರೆಯಿರಿ, ಮುಂದಿನ ವಿಡಿಯೋದಲ್ಲಿ ಓದುತ್ತೇನೆ.