ಒಡ್ಡು ಹೋಯಿತು, ಹೂಳು ಎಲ್ಲಿ ಹೋಯಿತು?

ನಮಸ್ಕಾರ, ಬನ್ನಿ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಆದರೆ ಹೋದ ಸಂಚಿಕೆಗೆ ಬಂದ ಒಂದು ಕಮೆಂಟ್ ನನ್ನ ನಿದ್ದೆ ಕೆಡಿಸಿದೆ. "ಅಮೆರಿಕದ ಆ ಹಳೇ ಗಿರಣಿ ಒಡ್ಡುಗಳು ಒಡೆದು ಎಷ್ಟೋ ಕಾಲ ಆಯಿತು. ಹಳ್ಳ ತಾನಾಗಿಯೇ ಸರಿಹೋಗುತ್ತದೆ, ಸುಮ್ನೆ ಬಿಡಿ" ಅಂತ.

ಹೇಗೆ ಬಿಡಲಿ? ಒಡ್ಡು ಹೋಯಿತು, ಸರಿ. ಅದರ ಹಿಂದೆ ತುಂಬಿದ್ದ ಹೂಳು ಎಲ್ಲಿ ಹೋಯಿತು?

ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆಯ ಕಥೆ ಇದು. ಗಿರಣಿಯ ಚಕ್ರ ತಿರುಗಬೇಕಾದರೆ ನೀರು ಎತ್ತರದಿಂದ ಬೀಳಬೇಕು. ಅದಕ್ಕೆ ಹಳ್ಳಕ್ಕೆ ಅಡ್ಡಲಾಗಿ ಆಳೆತ್ತರಕ್ಕಿಂತ ಜಾಸ್ತಿ ಒಡ್ಡು ಕಟ್ಟುತ್ತಿದ್ದರು. ಹಿಟ್ಟು ಬೀಸಲು, ಮರ ಕೊಯ್ಯಲು, ಕಬ್ಬಿಣ ಬಡಿಯಲು ಅದೇ ನೀರು. 1840ರ ಜನಗಣತಿಯ ಪ್ರಕಾರ ಪೂರ್ವ ಅಮೆರಿಕದ 872 ಕೌಂಟಿಗಳಲ್ಲಿ 65,000ಕ್ಕೂ ಹೆಚ್ಚು ನೀರುಗಿರಣಿಗಳಿದ್ದವು! ಅದೇ ಕಾಲದಲ್ಲಿ ಗುಡ್ಡದ ಕಾಡು ಕಡಿದು ಉಳುತ್ತಿದ್ದರು. ಮಳೆಗೆ ಕೊಚ್ಚಿಬಂದ ಮಣ್ಣು ಒಡ್ಡಿನ ಹಿಂದೆ ಕೂತಿತು. 1ರಿಂದ 5 ಮೀಟರ್ ದಪ್ಪಕ್ಕೆ. ಆಮೇಲೆ ಉಗಿಯಂತ್ರ ಬಂತು, ಗಿರಣಿ ನಿಂತಿತು, ಒಡ್ಡು ಒಡೆಯಿತು. ಹಳ್ಳ ಆ ಹೂಳನ್ನೇ ಸೀಳಿಕೊಂಡು ಕೆಳಗಿಳಿಯಿತು. ಎರಡೂ ಬದಿ ಗೋಡೆಯ ಹಾಗೆ ನಿಂತಿದೆಯಲ್ಲ, ಅದೇ ಹೂಳು. ನೀವು ದಡ ಅಂತ ಕರೆಯುವುದು ಒಡ್ಡಿನ ಹಿಂದೆ ನಿಂತಿದ್ದ ಗಿರಣಿ ಕೆರೆಯ ತಳ!

2008ರಲ್ಲಿ ರಾಬರ್ಟ್ ವಾಲ್ಟರ್, ಡೊರಥಿ ಮೆರಿಟ್ಸ್ ಎಂಬ ಭೂವಿಜ್ಞಾನಿಗಳು ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ಬಿಡಿಸಿಟ್ಟರು. ಅಲ್ಲಿಯ ದಡವನ್ನು ಹತ್ತಿರದಿಂದ ನೋಡಿ. ಮೇಲೆಲ್ಲ ನುಣ್ಣನೆ ಕಂದು ಮಣ್ಣು, ಪದರ ಪದರವಾಗಿ. ಕೆಳಗೆ, ನೀರಿನ ಹತ್ತಿರ, ಒಂದು ಕಪ್ಪು ಗೆರೆ. ಒಡ್ಡು ಬರುವ ಮುಂಚಿನ ಜೌಗು ನೆಲ ಅದು. ಜೊಂಡಿನ ಬೀಜ ಇನ್ನೂ ಅದರಲ್ಲಿ ಸಿಗುತ್ತದೆ. ಅಂದರೆ ಅಲ್ಲಿ ಮೊದಲು ಹಾವಿನ ಹಾಗೆ ಹರಿಯುವ ಒಂದೇ ಹಳ್ಳ ಇರಲಿಲ್ಲ. ಜೊಂಡಿನ ನಡುವೆ ಕವಲೊಡೆದ ಸಣ್ಣ ಸಣ್ಣ ತೊರೆಗಳಿದ್ದವು. ತಾನಾಗಿಯೇ ಸರಿಹೋಗಿದ್ದರೆ ಆ ಜೌಗು ಯಾಕೆ ವಾಪಸ್ ಬರಲಿಲ್ಲ? ಹೂಳು ಅದರ ಎದೆ ಮೇಲೆ ಕೂತಿದೆ, ಅದಕ್ಕೆ.

ಇಂಥ ವಿಷಯ ನಿಮಗೆ ಇಷ್ಟ ಅಲ್ವಾ? ಹಾಗಿದ್ರೆ ಸಬ್‌ಸ್ಕ್ರೈಬ್ ಆಗಿ, ಇನ್ನೂ ಬಹಳ ಇದೆ ಹೇಳೋದಕ್ಕೆ.

"ಮಳೆಗೆ ಕೊಚ್ಚಿಹೋಗುತ್ತೆ ಬಿಡಿ" ಅನ್ನುವವರೂ ಇದ್ದಾರೆ. ಹೌದಪ್ಪಾ, ಹೋಗುತ್ತೆ! ಚಳಿಗಾಲದಲ್ಲಿ ದಡದೊಳಗಿನ ನೀರು ಹೆಪ್ಪುಗಟ್ಟುತ್ತದೆ. ಕರಗಿದಾಗ ಮಣ್ಣು ಪುಡಿಪುಡಿಯಾಗಿ ಬುಡಕ್ಕೆ ಉದುರುತ್ತದೆ. ಮುಂದಿನ ನೆರೆ ಅದನ್ನು ಬಾಚಿಕೊಂಡು ಹೋಗುತ್ತದೆ. ಎಲ್ಲಿಗೆ? ಆ ಕಡೆಯ ಹಳ್ಳಗಳ ನೀರು ಕೊನೆಗೆ ಸೇರುವ ಚೆಸಪೀಕ್ ಕೊಲ್ಲಿಗೆ. ಜೊತೆಗೆ ಮಣ್ಣಿಗಂಟಿದ ರಂಜಕವೂ (ಫಾಸ್ಫರಸ್) ಹೋಗುತ್ತದೆ. ಅಲ್ಲಿ ನೀರು ಕದಡಿ, ತಳದ ಹುಲ್ಲಿಗೆ ಬಿಸಿಲೇ ಸಿಗುವುದಿಲ್ಲ. ಇದಕ್ಕೆ ಸರಿಹೋಗುವುದು ಅಂತೀರಾ? ಮನೆ ಕಸವನ್ನು ಪಕ್ಕದವರ ಅಂಗಳಕ್ಕೆ ತಳ್ಳಿ ಗುಡಿಸಾಯಿತು ಅಂದ ಹಾಗಾಯಿತು.

"ದಡದ ಮರಗಳು ಮಣ್ಣು ಹಿಡಿದಿಡುತ್ತವೆ" ಅಂತಲೂ ಹೇಳುತ್ತಾರೆ. ಮರದ ಬೇರು ಮೇಲಿದೆ, ನೀರು ಕೊರೆಯುವುದು ಬುಡದಲ್ಲಿ. ಏನು ಹಿಡಿಯುತ್ತದೆ? ಹೂಳಿನ ಜೊತೆ ಮರವೂ ಬೀಳುತ್ತದೆ.

ಪೆನ್ಸಿಲ್ವೇನಿಯಾದ ಲಾಂಕಾಸ್ಟರ್ ಹತ್ತಿರ ಬಿಗ್ ಸ್ಪ್ರಿಂಗ್ ರನ್ ಅಂತ ಒಂದು ಹಳ್ಳ. 2011ರಲ್ಲಿ ಅಲ್ಲಿ ಹೂಳನ್ನು ಅಗೆದು ಹೊರಗೆ ಸಾಗಿಸಿದರು, ಹಳೇ ನೆಲದ ಮಟ್ಟಕ್ಕೆ ಇಳಿಸಿದರು. ಜೌಗು ವಾಪಸ್ ಬಂತು! ಇದಕ್ಕಿಂತ ಇನ್ನೇನು ಬೇಕು?

ಖರ್ಚು ಜಾಸ್ತಿಯಂತೆ. ಜಾಸ್ತಿಯೇ, ಆಗಲಿ! ತಲೆಮಾರುಗಟ್ಟಲೆ ತುಂಬಿದ್ದು ಪುಕ್ಕಟೆ ಖಾಲಿಯಾಗುತ್ತಾ? ತೆಗೀಬೇಕು ಅಂದ್ರೆ ತೆಗೀಬೇಕು. ಹೂಳು ತೆಗೆಯದೆ ಹಳ್ಳ ಉಳಿಸಿದೆವು ಅಂತ ಯಾರೂ ನನ್ನ ಮುಂದೆ ಹೇಳಬೇಡಿ.

ಕಮೆಂಟ್ ಹಾಕಿದವರೇ, ಈ ವಿಡಿಯೊ ಕೆಳಗೂ ಬರೆಯಿರಿ. ಒಂದೇ ಪ್ರಶ್ನೆ, ಹೂಳು ಎಲ್ಲಿ ಹೋಯಿತು? ಕಾಯುತ್ತಿರುತ್ತೇನೆ.