ಆಪರೇಷನ್ ಟೇಬಲ್ ಮೇಲೇ ಗೊತ್ತಾದರೆ ಒಳ್ಳೇದಲ್ವಾ?

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ, ನಮ್ಮವರ ಮುಂದೆ ಈ ವಿಷಯ ಮಾತಾಡಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಕ್ಯಾನ್ಸರ್ ಆಪರೇಷನ್ ಮುಗಿದ ಮೇಲೆ ಮನೆಯವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಪೂರ್ತಿ ತೆಗೆದ್ರಾ, ಇಲ್ಲಾ ಏನಾದ್ರೂ ಉಳಿದಿದೆಯಾ?" ಇವತ್ತಿನ ಮಾತೆಲ್ಲಾ ಈ ಪ್ರಶ್ನೆಯ ಬಗ್ಗೆಯೇ, ಉಳಿದ ಕ್ಯಾನ್ಸರನ್ನು ಆಪರೇಷನ್ ನಡೆಯುವಾಗಲೇ ತೋರಿಸಲು ಬಂದಿರುವ ಹೊಳೆಯುವ ಔಷಧಗಳ ಬಗ್ಗೆ.

ನಾನು ಪೆಥಾಲಜಿಸ್ಟ್. ಆಪರೇಷನ್ ಮಾಡುವವಳಲ್ಲ, ತೆಗೆದ ಗಡ್ಡೆಯನ್ನು ನೋಡಿ ರಿಪೋರ್ಟ್ ಬರೆಯುವವಳು. ಸ್ತನದ ಗಡ್ಡೆಯನ್ನೇ ತೆಗೆದುಕೊಳ್ಳಿ. ಸರ್ಜನ್ ಗಡ್ಡೆಯನ್ನೂ ಅದರ ಸುತ್ತ ಸ್ವಲ್ಪ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ. ಅದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ನಮ್ಮ ಟೇಬಲ್ಲಿಗೆ ಬರುತ್ತದೆ. ಅದಕ್ಕೆ ಎರಡು ದಾರ ಹೊಲಿದಿರುತ್ತಾರೆ. ಸಾಮಾನ್ಯವಾಗಿ ಗಿಡ್ಡ ದಾರ ಇದ್ದದ್ದು ಮೇಲಿನ ಕಡೆ, ಉದ್ದ ದಾರ ಇದ್ದದ್ದು ಕಂಕುಳಿನ ಕಡೆ. ಯಾವ ಮಗ್ಗುಲು ಯಾವುದು ಅಂತ ಗೊತ್ತಾದ ಮೇಲೆ ಆರು ಕಡೆಗೂ ಬೇರೆ ಬೇರೆ ಬಣ್ಣದ ಇಂಕ್ ಹಚ್ಚುತ್ತೇವೆ. ಆಮೇಲೆ ಹೋಳು ಮಾಡಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳುವಾಗಿ ಕತ್ತರಿಸಿ, ಗಾಜಿನ ಮೇಲೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಇಂಕ್ ಹಚ್ಚಿದ ಅಂಚಿನಲ್ಲಿ ಕ್ಯಾನ್ಸರ್ ಕಣ ಕಂಡರೆ, ಆ ಕಡೆ ರೋಗಿಯ ಮೈಯೊಳಗೆ ಇನ್ನೂ ಉಳಿದಿರಬಹುದು ಅಂತ ಅರ್ಥ.

ಇಷ್ಟೆಲ್ಲಾ ಆಗಲು ಹಲವು ದಿನ ಬೇಕು. ಅಷ್ಟರಲ್ಲಿ ಹೊಲಿಗೆ ಹಾಕಿ ಆಗಿದೆ, ರೋಗಿ ಮನೆಗೆ ಬಂದಾಗಿದೆ. ಅಮೆರಿಕದಂಥ ದೇಶದಲ್ಲೇ, ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆಸಿಕೊಂಡ ಸುಮಾರು ಐದು ಹೆಂಗಸರಲ್ಲಿ ಒಬ್ಬರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ. ನಮ್ಮ ಜಿಲ್ಲೆಯವರಿಗೆ ಇದರ ಅರ್ಥ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಶಿರಸಿ, ಯಲ್ಲಾಪುರದವರು ಮತ್ತೆ ಹುಬ್ಬಳ್ಳಿ ಬಸ್ ಹತ್ತಬೇಕು. ಹೊನ್ನಾವರ, ಭಟ್ಕಳದವರು ಮತ್ತೆ ಮಣಿಪಾಲ, ಕಾರವಾರದವರು ಗೋವಾ. ಜೊತೆಗೆ ಹೋಗುವವರ ಕೂಲಿ ಹೋಯಿತು, ಕೊಟ್ಟಿಗೆಯ ದನ ಯಾರು ನೋಡುವುದು ಅನ್ನುವ ಚಿಂತೆ ಬೇರೆ, ಎಲ್ಲಕ್ಕಿಂತ ಹೆಚ್ಚಾಗಿ ಮತ್ತೆ ಮಂಪರು, ಮತ್ತೆ ಗಾಯ, ಮತ್ತೆ ಆ ಹೆದರಿಕೆ. ದೊಡ್ಡ ಆಸ್ಪತ್ರೆ ಜಿಲ್ಲೆಯಲ್ಲೇ ಬೇಕು ಅಂತ ಜನ ಇಷ್ಟು ವರ್ಷದಿಂದ ಕೂಗುತ್ತಿರುವುದು ಸುಮ್ನೆ ಅಲ್ಲ.

ಆಪರೇಷನ್ ನಡೆಯುತ್ತಿರುವಾಗಲೇ ನೋಡಲು ಆಗೋದಿಲ್ವಾ ಅಂತ ನೀವು ಕೇಳಬಹುದು. ಫ್ರೋಜನ್ ಸೆಕ್ಷನ್ ಅಂತ ಒಂದು ದಾರಿ ಇದೆ. ತುಣುಕನ್ನು ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ, ಅರ್ಧ ಗಂಟೆಯೊಳಗೆ ನೋಡಿ ಹೇಳುತ್ತೇವೆ. ಬಾಯಿ ಕ್ಯಾನ್ಸರಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಸ್ತನದಲ್ಲಿ ಕೊಬ್ಬು ಜಾಸ್ತಿ. ಕೊಬ್ಬು ಸರಿಯಾಗಿ ಗಟ್ಟಿಯಾಗೋದಿಲ್ಲ, ಕತ್ತರಿಸಿದರೆ ಹರಿಯುತ್ತದೆ. ಅದೂ ಅಲ್ಲದೆ, ನಾವು ನೋಡುವುದು ಹೊರಗೆ ಬಂದ ತುಂಡನ್ನು. ಒಳಗೆ ಉಳಿದ ಕುಳಿಯನ್ನು ಯಾರು ನೋಡಬೇಕು?

ಇಲ್ಲೇ ಹೊಳೆಯುವ ಔಷಧದ ಮಾತು ಬರುವುದು. ಬ್ಯಾಂಕಿನ ಕೌಂಟರಿನಲ್ಲಿ ಐನೂರರ ನೋಟನ್ನು ನೇರಳೆ ದೀಪದ ಕೆಳಗೆ ಹಿಡಿಯುವುದನ್ನು ನೋಡಿದ್ದೀರಲ್ವಾ? ಮಾಮೂಲಿ ಬೆಳಕಲ್ಲಿ ಕಾಣದ್ದು ಆ ದೀಪದಲ್ಲಿ ಹೊಳೆಯುತ್ತದೆ. ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಬಿಡುವ ಈ ಗುಣಕ್ಕೇ ಫ್ಲೋರೊಸೆನ್ಸ್ ಅನ್ನುವುದು. ಕ್ಯಾನ್ಸರ್ ಇರುವ ಕಡೆ ಮಾತ್ರ ಹೀಗೆ ಹೊಳೆಯುವಂತೆ ಮಾಡಿದರೆ ಸರ್ಜನ್‌ಗೆ ದಾರಿ ಕಾಣುತ್ತದೆ. ಯೋಚನೆ ಹೊಸದಲ್ಲ. ಮಿದುಳಿನ ಗಡ್ಡೆಗೆ ಫ್ಲೋರೆಸಿನ್ ಬಣ್ಣ ಬಳಸಿದ ವರದಿ 1948ರಷ್ಟು ಹಳೆಯದು.

ಚೆನ್ನಾಗಿ ನೆಲೆಯೂರಿದ್ದೂ ಮಿದುಳಿನಲ್ಲೇ. ಆಪರೇಷನ್‌ಗೆ ಕೆಲವು ಗಂಟೆ ಮೊದಲು 5-ಎಎಲ್‌ಎ ಅನ್ನುವ ಔಷಧವನ್ನು ನೀರಲ್ಲಿ ಕಲಸಿ ಕುಡಿಸುತ್ತಾರೆ. ಅದು ತಾನೇ ಹೊಳೆಯೋದಿಲ್ಲ. ಗ್ಲಯೋಮ ಅನ್ನುವ ಮಿದುಳಿನ ಗಡ್ಡೆಯ ಕಣಗಳು ಅದನ್ನು ಹೊಳೆಯುವ ವಸ್ತುವಾಗಿ ಮಾಡಿ ತಮ್ಮೊಳಗೆ ಕೂಡಿಸಿಕೊಳ್ಳುತ್ತವೆ. ನೀಲಿ ಬೆಳಕು ಹಾಕಿದರೆ ಗಡ್ಡೆ ಕೆಂಪು-ಗುಲಾಬಿಯಾಗಿ ಎದ್ದು ಕಾಣುತ್ತದೆ, ಸುತ್ತಲ ಮಿದುಳು ನೀಲಿಯಾಗಿಯೇ ಉಳಿಯುತ್ತದೆ. ಜರ್ಮನಿಯಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಔಷಧ ಬಳಸಿದಾಗ 100ಕ್ಕೆ 65 ಜನರಲ್ಲಿ ಸ್ಕ್ಯಾನಿಗೆ ಕಾಣುವ ಗಡ್ಡೆ ಪೂರ್ತಿ ಹೋಗಿತ್ತು, ಮಾಮೂಲಿ ಬೆಳಕಲ್ಲಿ ಮಾಡಿದಾಗ 36 ಜನರಲ್ಲಿ. ಆರು ತಿಂಗಳಾದರೂ ಗಡ್ಡೆ ಮತ್ತೆ ಬೆಳೆಯದೆ ಉಳಿದವರು ಸುಮಾರು ಎರಡು ಪಟ್ಟು. ಆದರೆ ಒಟ್ಟು ಆಯುಷ್ಯದಲ್ಲಿ ಖಚಿತವಾಗಿ ಹೇಳುವಂಥ ವ್ಯತ್ಯಾಸ ಅದರಲ್ಲಿ ಸಿಗಲಿಲ್ಲ. ಇದನ್ನೂ ಹೇಳಲೇಬೇಕು, ಅರ್ಧ ಹೇಳಿ ಆಸೆ ಹುಟ್ಟಿಸುವುದು ತಪ್ಪು. ಔಷಧ ಕುಡಿದವರು ಒಂದೆರಡು ದಿನ ಬಿಸಿಲಿಗೆ, ಜೋರು ಲೈಟಿಗೆ ಮೈ ಒಡ್ಡಬಾರದು, ಚರ್ಮ ಸುಡುತ್ತದೆ.

ಅಂಡಾಶಯಕ್ಕೆ 2021ರಲ್ಲಿ, ಶ್ವಾಸಕೋಶಕ್ಕೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಫೊಲಾಸಿಯಾನಿನ್ ಇನ್ನೊಂದು ಬಗೆ. ಈ ಕ್ಯಾನ್ಸರ್ ಕಣಗಳ ಮೈಮೇಲೆ ಫೋಲೇಟ್ ಅನ್ನುವ ವಿಟಮಿನ್ ಹಿಡಿಯುವ ಕೊಂಡಿಗಳು ಜಾಸ್ತಿ, ಔಷಧ ಅಲ್ಲಿಗೇ ಹೋಗಿ ಅಂಟುತ್ತದೆ. ಫೋಲಿಕ್ ಆಸಿಡ್ ಮಾತ್ರೆಯೂ ಅದೇ ವಿಟಮಿನ್, ಅದಕ್ಕೇ ಎರಡು ದಿನ ಮೊದಲಿಂದ ಅದನ್ನು ನಿಲ್ಲಿಸಲು ಹೇಳುತ್ತಾರೆ.

ಈಗ ಸ್ತನಕ್ಕೆ ಬರೋಣ. ಪೆಗ್ಯುಲಿಸಿಯಾನಿನ್ ಅಂತ ಔಷಧ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಆಪರೇಷನ್‌ಗೆ ಎರಡರಿಂದ ಆರು ಗಂಟೆ ಮೊದಲು ರಕ್ತನಾಳಕ್ಕೆ ಕೊಡುತ್ತಾರೆ. ಮೊದಲಿಗೆ ಅದು ಹೊಳೆಯೋದಿಲ್ಲ. ಗಡ್ಡೆಯಲ್ಲಿ ಜಾಸ್ತಿ ಇರುವ ಕೆಲವು ಕಿಣ್ವಗಳು ಅದನ್ನು ತುಂಡರಿಸಿದ ಮೇಲೆ ಹೊಳೆಯುತ್ತದೆ. ಸರ್ಜನ್ ಗಡ್ಡೆ ತೆಗೆದ ಮೇಲೆ ಕೈಯಲ್ಲಿ ಹಿಡಿಯುವ ಪ್ರೋಬನ್ನು, ಅಂದರೆ ಹೊಳಪು ಪತ್ತೆ ಮಾಡುವ ಕೋಲಿನಂಥ ಉಪಕರಣವನ್ನು, ಖಾಲಿ ಕುಳಿಯೊಳಗೆ ಇಟ್ಟು ಒಂದೊಂದೇ ಗೋಡೆ ನೋಡುತ್ತಾರೆ. ಪರದೆಯ ಮೇಲೆ ಗುರುತು ಬಂದ ಕಡೆ ಇನ್ನಷ್ಟು ಕೆರೆದು ತೆಗೆಯುತ್ತಾರೆ. 357 ಹೆಂಗಸರಲ್ಲಿ ಹೀಗೆ ನೋಡಿದಾಗ 27 ಜನರಲ್ಲಿ ಉಳಿದಿದ್ದ ಕ್ಯಾನ್ಸರ್ ಸಿಕ್ಕಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಅವುಗಳಲ್ಲಿ ಎಷ್ಟೋ ಸಿಕ್ಕಿದ್ದು ಪೆಥಾಲಜಿ ರಿಪೋರ್ಟ್ "ಅಂಚು ಶುದ್ಧ" ಅಂತ ಹೇಳಿದ್ದ ಕಡೆಯೇ. ನಾವು ನೋಡುವುದು ಇಡೀ ಅಂಚನ್ನಲ್ಲ, ಅದರ ಕೆಲವೇ ತೆಳು ಹಾಳೆಗಳನ್ನು. ನನ್ನ ಕಸುಬಿನ ಮಿತಿ ಅದು.

ಹಾಗಂತ ಪ್ರೋಬ್ ಹೇಳಿದ್ದೇ ಕೊನೆಯ ಮಾತು ಅಂದುಕೊಳ್ಳಬೇಡಿ. ಇದ್ದ ಕ್ಯಾನ್ಸರಿನಲ್ಲಿ ಸುಮಾರು ಅರ್ಧವನ್ನು ಅದು ಹಿಡಿಯಲಿಲ್ಲ. ಏನೂ ಇಲ್ಲದ ಕಡೆಯೂ ಕೆಲವು ಸಲ ಹೊಳೆಯಿತು. ಕೆಲವರಿಗೆ ಔಷಧದಿಂದ ಜೀವಕ್ಕೇ ಅಪಾಯ ಆಗುವಂಥ ಅಲರ್ಜಿ ಆದ ಕಾರಣ ದೊಡ್ಡ ಎಚ್ಚರಿಕೆ ಹಾಕಿಯೇ ಒಪ್ಪಿಗೆ ಕೊಟ್ಟಿದ್ದಾರೆ. ಇಂಥ ಬೆಳಕೆಲ್ಲಾ ತೂರಿ ಬರುವುದು ಕೆಲವು ಮಿಲಿಮೀಟರ್ ಆಳದಿಂದ, ಹೆಚ್ಚೆಂದರೆ ಒಂದು ಸೆಂಟಿಮೀಟರ್. ಅದಕ್ಕಿಂತ ಕೆಳಗೆ ಅಡಗಿದ್ದು ಕಾಣದು.

ಇನ್ನು ಬಾಯಿ. ಕವಳ, ಅಂದರೆ ಎಲೆ-ಅಡಿಕೆ, ಹಾಕುವ ಊರು ನಮ್ಮದು, ಹಾಗಾಗಿ ಇದನ್ನು ಬಿಟ್ಟು ಹೋಗೋದಿಲ್ಲ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಮನೆ ನಡೆಯುವ ಜನರ ಮುಂದೆ ಇದನ್ನು ಹೇಳುವಾಗ ನನಗೆ ಕಷ್ಟ ಆಗುತ್ತದೆ, ಆದರೂ ಹೇಳದೆ ಇರಲಾರೆ. ಬಾಯಿಗೆ ಔಷಧವೇ ಇಲ್ಲದೆ ನೀಲಿ ಬೆಳಕು ಬಿಟ್ಟು ನೋಡುವ ಉಪಕರಣ ಇದೆ. ಆರೋಗ್ಯದ ಒಳಚರ್ಮ ತೆಳು ಹಸಿರಾಗಿ ಹೊಳೆಯುತ್ತದೆ, ಕೆಟ್ಟ ಜಾಗ ಕಪ್ಪಾಗಿ ಕಾಣುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಬರೀ ಹುಣ್ಣು, ಉರಿಯೂತ ಇದ್ದರೂ ಕಪ್ಪಾಗಿಯೇ ಕಾಣುತ್ತದೆ. ಕೆನಡಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಈ ಬೆಳಕು ನೋಡಿ ಕತ್ತರಿಸಿದವರಲ್ಲೂ ಮಾಮೂಲಿ ಬೆಳಕಲ್ಲಿ ಕತ್ತರಿಸಿದವರಲ್ಲೂ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ "ಲೈಟ್ ಹಾಕಿ ನೋಡಿ ತೆಗೀತೇವೆ" ಅಂತ ಯಾರಾದರೂ ಜಾಹೀರಾತು ಮಾಡಿದರೆ ಅದೊಂದನ್ನೇ ನಂಬಿ ದುಡ್ಡು ಕಟ್ಟಬೇಡಿ.

ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಈಗ ನಿಮಗೆ ಎದುರಾಗುವುದು ಹೆಚ್ಚಾಗಿ ಐಸಿಜಿ (ಇಂಡೊಸಯನಿನ್ ಗ್ರೀನ್) ಅನ್ನುವ ಹಸಿರು ಬಣ್ಣದ ಔಷಧ, ಅಮೆರಿಕದಲ್ಲಿ 1959ರಿಂದ ಬಳಕೆಯಲ್ಲಿದೆ. ಕ್ಯಾನ್ಸರ್ ಮೊದಲು ಹರಡುವ ಗ್ರಂಥಿ ಯಾವುದು, ಹೊಲಿದ ಕರುಳಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅನ್ನುವುದನ್ನು ತೋರಿಸಲು ಬಹಳ ಒಳ್ಳೆಯದು. ಆದರೆ ಅದು ಕ್ಯಾನ್ಸರ್ ಕಣವನ್ನೇ ಹುಡುಕಿ ಹೋಗೋದಿಲ್ಲ.

ಇನ್ನೊಂದು ಮಾತು, ಇದಕ್ಕೆ ಯಾವ ಹೊಸ ಯಂತ್ರವೂ ಬೇಡ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ ಫೈಲಿನಲ್ಲಿ ಇಟ್ಟು ಸುಮ್ಮನಾಗಬೇಡಿ. ಅದರಲ್ಲಿ ಮಾರ್ಜಿನ್, ಅಂದರೆ ಅಂಚು, ಅಂತ ಒಂದು ಸಾಲು ಇರುತ್ತದೆ, ಹುಡುಕಿ. ಕ್ಯಾನ್ಸರಿಗೂ ಅಂಚಿಗೂ ನಡುವೆ ಎಷ್ಟು ಮಿಲಿಮೀಟರ್ ಬಿಟ್ಟಿದೆ ಅಂತ ಡಾಕ್ಟರನ್ನು ಕೇಳಿ. ಹರಡುವ ಬಗೆಯ ಸ್ತನ ಕ್ಯಾನ್ಸರಿಗೆ ಕ್ಯಾನ್ಸರ್ ಕಣ ಇಂಕ್ ಮುಟ್ಟದಿದ್ದರೆ ಸಾಕು ಅನ್ನುತ್ತಾರೆ, ಬಾಯಿಗೆ ಸಾಮಾನ್ಯವಾಗಿ 5 ಮಿಲಿಮೀಟರ್ ಬೇಕು. ಸಂಶಯ ಇದ್ದರೆ ಲ್ಯಾಬಿನಿಂದ ಮೇಣದ ಬ್ಲಾಕ್ ಕೇಳಿ ಪಡೆದು ಬೇರೆ ಕಡೆ ತೋರಿಸಬಹುದು, ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ರಿಪೋರ್ಟ್ ತಂದವರು ಇದ್ದರೆ ಊಟದ ಮೊದಲು ಇಲ್ಲೇ ಕೂತು ನೋಡೋಣ, ಬನ್ನಿ.